ಯುದ್ಧವೊಂದರ ಕಾರಣ, ಪರಿಣಾಮಗಳನ್ನು ಬಿಡಿಸಿ ನೋಡುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ಮೊದಲನೆಯ ಮಹಾಯುದ್ಧಕ್ಕೆ ಕಾರಣಗಳೇನು ಎಂದು ಕೇಳಿದರೆ ಹೈಸ್ಕೂಲು ಮುಗಿಸಿದ ಯಾರಾದರೂ ಸಾಮ್ರಾಜ್ಯಶಾಹಿ, ಉಗ್ರ ರಾಷ್ಟ್ರೀಯತೆ, ಶಸ್ತ್ರಾಸ್ತ್ರಗಳ ಪೈಪೋಟಿ, ಗುಪ್ತ ಒಪ್ಪಂದಗಳು, ಕೊನೆಗೆ ಸರಾಯೆವೊದಲ್ಲಿ ನಡೆದ ಆಸ್ಟ್ರಿಯಾ–ಹಂಗೆರಿಯ ಯುವರಾಜನ ಕೊಲೆ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕೊಲೆಯೊಂದನ್ನು ಬಿಟ್ಟರೆ ಉಳಿದ ನಾಲ್ಕೂ ಕಾರಣಗಳು 1908ರ ಬೋಸ್ನಿಯಾ ಬಿಕ್ಕಟ್ಟಿನಲ್ಲಿ, 1911ರ ಮೊರಾಕ್ಕೊ ಬಿಕ್ಕಟ್ಟಿನಲ್ಲಿ, 1912–13ರ ಬಾಲ್ಕನ್ ಯುದ್ಧಗಳ ಕಾಲದಲ್ಲಿ ಹಾಗೆಯೇ ಇದ್ದವು, ಆಗ ಯೂರೋಪು ಹೊತ್ತಿ ಉರಿಯಲಿಲ್ಲ. 1914ರಲ್ಲಿ ಮಾತ್ರ ಏಕೆ ಉರಿಯಿತು ಎಂಬ ಪ್ರಶ್ನೆಗೆ ಆ ಪಟ್ಟಿಯಲ್ಲಿ ಉತ್ತರ ಸಿಗುವುದಿಲ್ಲ.

ಪ್ರಬಂಧ ಬರೆಯಬೇಕಾದ ವಿದ್ಯಾರ್ಥಿಗಳು, ಪಾಠ ಮಾಡಬೇಕಾದ ಅಧ್ಯಾಪಕರು, ದಿನ ಬೆಳಗಾದರೆ ಯುದ್ಧದ ಸುದ್ದಿ ಓದಿ ಇದರ ಬೇರು ಎಲ್ಲಿದೆ ಎಂದು ಯೋಚಿಸುವ ಓದುಗರು ಇಂಥ ಪಟ್ಟಿಗಳನ್ನು ದಾಟಿ ಮುಂದೆ ಹೋಗಲು ನೆರವಾಗಲಿ ಎಂದು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಇಲ್ಲಿನ ಹಂತಗಳನ್ನು ಕಳೆದ ನೂರಕ್ಕೂ ಹೆಚ್ಚು ವರ್ಷಗಳ ಯಾವ ಯುದ್ಧಕ್ಕಾದರೂ ಅನ್ವಯಿಸಿ ನೋಡಬಹುದು. ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಧುನಿಕ ಯುದ್ಧದ ಕಾರಣವನ್ನು ಮುಖ್ಯವಾಗಿ ಎರಡು ಕಡೆ ಹುಡುಕಬೇಕು. ಒಂದು, ಹಿಂದಿನ ಯುದ್ಧವನ್ನು ಮುಗಿಸಿದ ರೀತಿ. ಇನ್ನೊಂದು, ಮೊದಲ ಗುಂಡು ಹಾರುವುದಕ್ಕೆ ಮುಂಚಿನ ಕೆಲವು ವಾರಗಳಲ್ಲಿ ಬೆರಳೆಣಿಕೆಯ ಮಂದಿ ಕೈಗೊಂಡ ತೀರ್ಮಾನಗಳು. ಇವೆರಡನ್ನೂ ಬಿಟ್ಟು ‘ರಾಷ್ಟ್ರೀಯತೆ’, ‘ವಿಸ್ತರಣಾವಾದ’ದಂಥ ದೊಡ್ಡ ಪದಗಳ ಮೇಲೆ ಎಲ್ಲ ಭಾರ ಹಾಕುವುದು ನಮ್ಮ ಪಠ್ಯಗಳ ಹಳೆಯ ರೂಢಿ.

ಹಂತ 1: ಯುದ್ಧಕ್ಕೆ ಕಾಲದ ಗೆರೆ ಎಳೆದುಕೊಳ್ಳಿ

ಎರಡನೆಯ ಮಹಾಯುದ್ಧ ಯಾವಾಗ ಶುರುವಾಯಿತು ಎಂಬುದು ಕಾಣುವಷ್ಟು ಸರಳವಾದ ಪ್ರಶ್ನೆಯಲ್ಲ. 1939ರ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿದಾಗ ಎಂಬುದು ಯೂರೋಪಿನ ಉತ್ತರ. ಚೀನಾದ ಮಟ್ಟಿಗೆ ಅದು 1937ರ ಜುಲೈ 7ರಂದು ಬೀಜಿಂಗ್ ಹತ್ತಿರದ ಮಾರ್ಕೊ ಪೋಲೊ ಸೇತುವೆಯ ಬಳಿ ನಡೆದ ಚಕಮಕಿಯಿಂದ, ಕೆಲವರ ಪ್ರಕಾರ 1931ರಲ್ಲಿ ಜಪಾನ್ ಮಂಚೂರಿಯಾವನ್ನು ಹಿಡಿದಾಗಿನಿಂದಲೇ ಶುರುವಾಗುತ್ತದೆ. ಸೋವಿಯತ್ ಒಕ್ಕೂಟದ ಲೆಕ್ಕ ಜರ್ಮನಿ ತನ್ನ ಮೇಲೆ ದಾಳಿ ಮಾಡಿದ 1941ರ ಜೂನ್ 22ರಿಂದ, ಅಮೆರಿಕದ ಲೆಕ್ಕ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ಅದೇ ವರ್ಷದ ಡಿಸೆಂಬರ್ 7ರಿಂದ. ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳುತ್ತೀರಿ ಎಂಬುದರ ಮೇಲೆ ಕಾರಣವೂ ಬದಲಾಗುತ್ತದೆ. 1939 ಎಂದರೆ ಹಿಟ್ಲರ್ ನಡುಮಧ್ಯೆ ಬಂದು ನಿಲ್ಲುತ್ತಾನೆ. 1931 ಎಂದರೆ ಸ್ವಂತ ಸರ್ಕಾರದ ಮಾತನ್ನೂ ಮೀರಿ ನಡೆದ ಜಪಾನಿನ ಸೇನಾಧಿಕಾರಿಗಳು ಮತ್ತು ಅವರನ್ನು ತಡೆಯಲಾಗದ, ವಿಶ್ವಸಂಸ್ಥೆಗೂ ಮುಂಚಿನ ರಾಷ್ಟ್ರಸಂಘ ಮುಂದೆ ಬರುತ್ತಾರೆ.

ಕೊನೆಯ ದಿನಾಂಕವೂ ಹೀಗೆಯೇ. ಕೊರಿಯಾ ಯುದ್ಧದಲ್ಲಿ 1953ರ ಜುಲೈ 27ರಂದು ಸಹಿಯಾದದ್ದು ಕದನವಿರಾಮಕ್ಕೆ ಮಾತ್ರ. ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲ. ಯಾವುದನ್ನು ಯುದ್ಧ ಎನ್ನಬೇಕು ಎಂಬ ಗೊಂದಲವಿದ್ದರೆ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಘರ್ಷ ದತ್ತಾಂಶ ಯೋಜನೆಯ ಅಳತೆಗೋಲನ್ನು ಬಳಸಬಹುದು. ಒಂದು ವರ್ಷದಲ್ಲಿ ಕಾಳಗದಿಂದ 25 ಸಾವು ಸಂಭವಿಸಿದರೆ ಅದು ಸಶಸ್ತ್ರ ಸಂಘರ್ಷ, 1000 ದಾಟಿದರೆ ಯುದ್ಧ. ಬರೆಯಲು ಕೂರುವ ಮುಂಚೆ ಆರಂಭ, ಅಂತ್ಯ, ಪಕ್ಷಗಳು ಈ ಮೂರನ್ನೂ ಒಂದೆರಡು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ.

ಹಂತ 2: ಹಿಂದಿನ ಯುದ್ಧ ಹೇಗೆ ಮುಗಿಯಿತು ಎಂದು ನೋಡಿ

ಗಡಿರೇಖೆ, ಸಾಲ, ಪರಿಹಾರ, ಭರವಸೆ ಈ ನಾಲ್ಕನ್ನೂ ಹಿಂದಿನ ಒಪ್ಪಂದದಲ್ಲಿ ಹುಡುಕಬೇಕು. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾಗುವ ಸೂಚನೆ ಸಿಕ್ಕಾಗ ಕೊರಿಯಾದಲ್ಲಿ ಸೋವಿಯತ್ ಸೇನೆ ಎಲ್ಲಿಯವರೆಗೆ, ಅಮೆರಿಕದ ಸೇನೆ ಎಲ್ಲಿಯವರೆಗೆ ಎಂದು ತುರ್ತಾಗಿ ತೀರ್ಮಾನಿಸಬೇಕಾಯಿತು. ವಾಷಿಂಗ್ಟನ್ನಿನಲ್ಲಿ ಒಂದು ರಾತ್ರಿ ಡೀನ್ ರಸ್ಕ್ ಮತ್ತು ಚಾರ್ಲ್ಸ್ ಬೋನ್‌ಸ್ಟೀಲ್ ಎಂಬ ಇಬ್ಬರು ಸೇನಾಧಿಕಾರಿಗಳು ನಕಾಶೆಯೊಂದನ್ನು ಮುಂದಿಟ್ಟುಕೊಂಡು ಅರ್ಧ ಗಂಟೆಯಷ್ಟು ಸಮಯದಲ್ಲಿ 38ನೇ ಅಕ್ಷಾಂಶವನ್ನು ಆರಿಸಿದರು. ರಾಜಧಾನಿ ಸೋಲ್ ಅಮೆರಿಕದ ಪಾಲಿಗೆ ಬರಬೇಕು ಎಂಬುದಷ್ಟೇ ಅವರ ಮುಂದಿದ್ದ ವಿಚಾರ. ಕೊರಿಯಾದ ಒಬ್ಬರನ್ನೂ ಕೇಳಲಿಲ್ಲ. ಸೇನೆಗಳ ತಾತ್ಕಾಲಿಕ ಅನುಕೂಲಕ್ಕೆಂದು ಎಳೆದ ಆ ಗೆರೆಯ ಎರಡು ಬದಿಗಳಲ್ಲಿ 1948ರ ಹೊತ್ತಿಗೆ ಎರಡು ಸರ್ಕಾರಗಳು ಎದ್ದು ನಿಂತವು. ಇಡೀ ದೇಶ ತಮ್ಮದೇ ಎಂದು ಎರಡೂ ಸಾರಿದವು. 1950ರ ಜೂನ್ 25ರಂದು ಉತ್ತರ ಕೊರಿಯಾ ದಕ್ಷಿಣದ ಮೇಲೆ ಮಾಡಿದ ದಾಳಿಯನ್ನು ಈ ಗೆರೆಯ ವಿಚಾರವಿಲ್ಲದೆ ವಿವರಿಸಲಾಗದು.

ಪಶ್ಚಿಮ ಏಷ್ಯಾದ ಮಟ್ಟಿಗೆ ಮೊದಲನೆಯ ಮಹಾಯುದ್ಧದ ನಡುವೆ ಬ್ರಿಟನ್ ಕೊಟ್ಟ ಮಾತುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. 1915–16ರಲ್ಲಿ ಮೆಕ್ಕಾದ ಷರೀಫ್ ಹುಸೇನರಿಗೆ ಪತ್ರಮುಖೇನ ಅರಬ್ ಸ್ವಾತಂತ್ರ್ಯದ ಭರವಸೆ ಹೋಯಿತು. 1916ರ ಸೈಕ್ಸ್–ಪೀಕೊ ಒಪ್ಪಂದದಲ್ಲಿ ಅದೇ ಪ್ರದೇಶವನ್ನು ಫ್ರಾನ್ಸಿನೊಡನೆ ಗುಟ್ಟಾಗಿ ಹಂಚಿಕೊಂಡದ್ದಾಯಿತು. 1917ರ ನವೆಂಬರ್ 2ರ ಬಾಲ್ಫೋರ್ ಘೋಷಣೆಯಲ್ಲಿ ಪ್ಯಾಲೆಸ್ತೀನಿನಲ್ಲಿ ಯಹೂದಿಗಳ ರಾಷ್ಟ್ರೀಯ ನೆಲೆಗೆ ಬೆಂಬಲ ಸಾರಲಾಯಿತು. ಇವುಗಳ ನಡುವಿನ ವಿರೋಧ ಬ್ರಿಟನ್ನಿನ ಅಧಿಕಾರಿಗಳಿಗೆ ತಿಳಿಯದ್ದೇನಲ್ಲ. ಆಗ ಯುದ್ಧ ಗೆಲ್ಲುವುದು ಮುಖ್ಯವಾಗಿತ್ತು, ನೆರವಿಗೆ ಬರುವ ಎಲ್ಲರೂ ಬೇಕಾಗಿದ್ದರು.

ಹಂತ 3: ಕಾರಣಗಳನ್ನು ಮೂರು ಪದರಗಳಲ್ಲಿ ವಿಂಗಡಿಸಿ

ದಶಕಗಳಿಂದ ಬೆಳೆದ ಆಳದ ಕಾರಣಗಳು ಮೊದಲ ಪದರ. ಕೆಲವು ವರ್ಷ ಅಥವಾ ತಿಂಗಳುಗಳಲ್ಲಿ ದಾರಿಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದ ನಡುವಿನ ಕಾರಣಗಳು ಎರಡನೆಯದು. ತಕ್ಷಣದ ಕಿಡಿ ಮೂರನೆಯದು. ಹೆಚ್ಚಿನ ಬರಹಗಳು ಮೊದಲ ಮತ್ತು ಕೊನೆಯ ಪದರದಲ್ಲೇ ನಿಂತುಬಿಡುತ್ತವೆ. ಸರಾಯೆವೊದಲ್ಲಿ ಕಾರಿನ ಚಾಲಕ ದಾರಿ ತಪ್ಪಿ ತಿರುಗಿದ್ದರಿಂದ ಕೊಲೆಗಾರ, ಬೋಸ್ನಿಯಾದ ಸರ್ಬ್ ಯುವಕ ಗವ್ರಿಲೊ ಪ್ರಿನ್ಸಿಪ್‌ಗೆ ಅವಕಾಶ ಸಿಕ್ಕಿತು ಎಂಬ ಕಥೆಯನ್ನು ಎಲ್ಲರೂ ರಸವತ್ತಾಗಿ ಹೇಳುತ್ತಾರೆ. ಆದರೆ ವಿಶ್ಲೇಷಣೆಗೆ ಅದರಿಂದ ಸಿಗುವುದು ತೀರ ಕಡಿಮೆ. ನಿಜವಾದ ಸಂಗತಿಗಳಿರುವುದು ಆ ಕೊಲೆಯ ನಂತರದ 37 ದಿನಗಳಲ್ಲಿ, ಅಂದರೆ ನಡುವಿನ ಪದರದಲ್ಲಿ.

ಆ ದಿನಗಳನ್ನು ದಿನಚರಿಯಂತೆ ಬರೆದುಕೊಂಡರೆ ಏನು ಕಾಣುತ್ತದೆ ನೋಡಿ. ಜೂನ್ 28ರಂದು ಆಸ್ಟ್ರಿಯಾ–ಹಂಗೆರಿಯ ಯುವರಾಜ ಆರ್ಚ್‌ಡ್ಯೂಕ್ ಫ್ರಾನ್ಸ್ ಫರ್ಡಿನೆಂಡ್ ಮತ್ತು ಪತ್ನಿ ಸೋಫಿಯ ಕೊಲೆಯಾಯಿತು. ಜುಲೈ 5 ಮತ್ತು 6ರಂದು ಆಸ್ಟ್ರಿಯಾ–ಹಂಗೆರಿ ಏನು ಮಾಡಿದರೂ ಬೆಂಬಲವುಂಟು ಎಂದು ಜರ್ಮನಿ ಷರತ್ತಿಲ್ಲದೆ ಮಾತುಕೊಟ್ಟಿತು. ಆದರೂ ಆಸ್ಟ್ರಿಯಾ ತಡಮಾಡಿತು. ರಷ್ಯಾದ ಮಿತ್ರರಾಷ್ಟ್ರ ಫ್ರಾನ್ಸಿನ ಅಧ್ಯಕ್ಷ ಪ್ವಾಂಕರೆ ಆಗ ರಷ್ಯಾದ ಭೇಟಿಯಲ್ಲಿದ್ದರು, ಅವರು ಸೇಂಟ್ ಪೀಟರ್ಸ್‌ಬರ್ಗ್ ಬಿಟ್ಟು ಹೊರಡುವವರೆಗೆ ಕಾದು, ಜುಲೈ 23ರ ಸಂಜೆ ಸರ್ಬಿಯಾಕ್ಕೆ 48 ಗಂಟೆಗಳ ಗಡುವಿನ ಪತ್ರವನ್ನು ಕೊಡಲಾಯಿತು. ಸರ್ಬಿಯಾ ಬಹುತೇಕ ಬೇಡಿಕೆಗಳಿಗೆ ತಲೆಬಾಗಿತು, ತನಿಖೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಪಾಲ್ಗೊಳ್ಳುವುದನ್ನು ಮಾತ್ರ ಒಪ್ಪಲಿಲ್ಲ. ಆ ಉತ್ತರವನ್ನು ಜುಲೈ 28ರ ಬೆಳಿಗ್ಗೆ ಓದಿದ ಜರ್ಮನಿಯ ಚಕ್ರವರ್ತಿ ವಿಲ್‌ಹೆಲ್ಮ್, ಇನ್ನು ಯುದ್ಧಕ್ಕೆ ಕಾರಣವೇ ಉಳಿಯಲಿಲ್ಲ ಎಂಬರ್ಥದ ಟಿಪ್ಪಣಿ ಬರೆದ. ಅದೇ ದಿನ ಆಸ್ಟ್ರಿಯಾ ಯುದ್ಧ ಸಾರಿತು.

ಮುಂದಿನದು ಇನ್ನೂ ಗಮನಾರ್ಹ. ಸರ್ಬಿಯಾದ ಬೆಂಬಲಕ್ಕಿದ್ದ ರಷ್ಯಾದ ತ್ಸಾರ್ (ಚಕ್ರವರ್ತಿ) ನಿಕೊಲಸ್ ಜುಲೈ 29ರಂದು ಸಂಪೂರ್ಣ ಸೇನಾ ಜಮಾವಣೆಗೆ ಒಪ್ಪಿ, ವಿಲ್‌ಹೆಲ್ಮ್‌ನಿಂದ ತಂತಿ ಬಂದ ಮೇಲೆ ಅದನ್ನು ಹಿಂತೆಗೆದು, ಮಂತ್ರಿಗಳ ಒತ್ತಾಯಕ್ಕೆ ಮಣಿದು 30ರಂದು ಮತ್ತೆ ಒಪ್ಪಿದ. ಆಗಸ್ಟ್ 1ರಂದು ವಿಲ್‌ಹೆಲ್ಮ್ ತನ್ನ ಸೇನೆಯನ್ನು ಫ್ರಾನ್ಸಿನ ಕಡೆಗಲ್ಲದೆ ರಷ್ಯಾದ ಕಡೆಗೆ ಮಾತ್ರ ತಿರುಗಿಸಲು ಬಯಸಿದಾಗ, ಲಕ್ಷಾಂತರ ಸೈನಿಕರ ರೈಲು ಸಾಗಣೆಯ ಯೋಜನೆಯನ್ನು ಈಗ ಬದಲಿಸಲಾಗದು ಎಂದು ಸೇನಾ ಮುಖ್ಯಸ್ಥ ಮೋಲ್ಟ್‌ಕೆ ಉತ್ತರಿಸಿದ. ಬೆಲ್ಜಿಯಂ ಮೂಲಕ ಫ್ರಾನ್ಸನ್ನು ಹೊಡೆಯುವ ಒಂದೇ ಯೋಜನೆ ಸಿದ್ಧವಿತ್ತು. ಬೆಲ್ಜಿಯಂನ ತಟಸ್ಥತೆಗೆ 1839ರ ಲಂಡನ್ ಒಪ್ಪಂದದ ಖಾತರಿ ಇದ್ದುದರಿಂದ ಆಗಸ್ಟ್ 4ರಂದು ಬ್ರಿಟನ್ ಕೂಡ ಯುದ್ಧಕ್ಕೆ ಇಳಿಯಿತು. ಶಸ್ತ್ರಾಸ್ತ್ರ ಪೈಪೋಟಿ, ಒಪ್ಪಂದಗಳು ಎಂಬ ಅಮೂರ್ತ ಪದಗಳು ಒಂದು ರೈಲು ವೇಳಾಪಟ್ಟಿಯಾಗಿ, ರದ್ದಾಗಿ ಮರುಹುಟ್ಟಿದ ಒಂದು ಆದೇಶವಾಗಿ ಕೆಲಸ ಮಾಡಿದ ರೀತಿ ಇಲ್ಲಿ ಕಾಣುತ್ತದೆ. ನೀವು ಅಧ್ಯಯನ ಮಾಡುವ ಯುದ್ಧದಲ್ಲೂ ಹೀಗೆ ದಾರಿಗಳು ಮುಚ್ಚಿದ ದಿನಗಳನ್ನು ಗುರುತಿಸಿ, ಪ್ರತಿಯೊಂದರ ಮುಂದೆ ‘ಇಲ್ಲಿ ಬೇರೆ ಏನು ಮಾಡಬಹುದಿತ್ತು?’ ಎಂದು ಬರೆಯಿರಿ.

ಹಂತ 4: ಹೇಳಲಾದ ಪ್ರತಿ ಕಾರಣವನ್ನೂ ಪರೀಕ್ಷೆಗೆ ಒಡ್ಡಿ

ಪರೀಕ್ಷೆಗೆ ಮೂರು ಪ್ರಶ್ನೆಗಳು ಸಾಕು. ಆ ಕಾರಣ ಇದ್ದೂ ಯುದ್ಧ ನಡೆಯದ ಸಂದರ್ಭವಿದೆಯೇ? ಕಾರಣ ಮತ್ತು ಪರಿಣಾಮದ ಕಾಲ ಹೊಂದುತ್ತದೆಯೇ? ಆ ಕಾರಣವನ್ನು ಹೇಳಿದವರು ಯಾರು, ಅದರಿಂದ ಅವರಿಗೆ ಏನು ಲಾಭ?

ಕಾಲದ ಪರೀಕ್ಷೆಗೆ ಜರ್ಮನಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1919ರ ವರ್ಸೇಲ್ಸ್ ಒಪ್ಪಂದದ ಅವಮಾನ, 1921ರಲ್ಲಿ ನಿಗದಿಯಾದ 13,200 ಕೋಟಿ ಚಿನ್ನದ ಮಾರ್ಕುಗಳ ಯುದ್ಧ ಪರಿಹಾರ, 1923ರ ಭೀಕರ ಹಣದುಬ್ಬರ ಇವೇ ಹಿಟ್ಲರನನ್ನು ತಂದವು ಎಂದು ಸಾಮಾನ್ಯವಾಗಿ ಬರೆಯುತ್ತಾರೆ. 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಕೊಡಬೇಕಿತ್ತು ಎಂಬುದೂ ನಿಜ. ಆದರೆ ಚುನಾವಣೆಯ ಅಂಕಿಗಳನ್ನು ಪಕ್ಕಕ್ಕಿಟ್ಟು ನೋಡಿ. ಹಣದುಬ್ಬರ ಅಡಗಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ, 1928ರ ಮೇ ತಿಂಗಳಲ್ಲಿ ನಾಜಿ ಪಕ್ಷಕ್ಕೆ ಬಿದ್ದ ಮತ ಕೇವಲ ಶೇ 2.6. ವರ್ಸೇಲ್ಸ್ ಒಪ್ಪಂದ ಆಗಲೂ ಜಾರಿಯಲ್ಲಿತ್ತು. 1929ರ ಆರ್ಥಿಕ ಮಹಾಕುಸಿತದ ನಂತರ, 1930ರ ಸೆಪ್ಟೆಂಬರಿನಲ್ಲಿ ಆ ಪಕ್ಷದ ಪಾಲು ಶೇ 18.3ಕ್ಕೆ, ನಿರುದ್ಯೋಗಿಗಳ ಸಂಖ್ಯೆ ಸುಮಾರು 60 ಲಕ್ಷ ಮುಟ್ಟಿದ 1932ರ ಜುಲೈ ಚುನಾವಣೆಯಲ್ಲಿ ಶೇ 37.3ಕ್ಕೆ ಏರಿತು. ಅದೇ ವರ್ಷದ ನವೆಂಬರಿನಲ್ಲಿ ಶೇ 33ಕ್ಕೆ ಇಳಿದೂ ಇತ್ತು. ಇಳಿಮುಖವಾಗಿದ್ದ ಆ ಪಕ್ಷದ ನಾಯಕನನ್ನು 1933ರ ಜನವರಿ 30ರಂದು ಚಾನ್ಸಲರ್ ಮಾಡಿದ್ದು, ಆತನನ್ನು ತಮ್ಮ ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಎಂದು ನಂಬಿದ್ದ ಮಾಜಿ ಚಾನ್ಸಲರ್ ಪಾಪೆನ್ ಮುಂತಾದವರ ಲೆಕ್ಕಾಚಾರ ಮತ್ತು ಅಧ್ಯಕ್ಷ ಹಿಂಡನ್‌ಬರ್ಗ್‌ರ ಸಹಿ. ವರ್ಸೇಲ್ಸ್ ಅಸಮಾಧಾನದ ಭಾಷೆಯನ್ನು ಕೊಟ್ಟಿತು, ಕುಸಿತ ಅದಕ್ಕೆ ಮತದಾರರನ್ನು ಕೊಟ್ಟಿತು, ಕೆಲವೇ ಮಂದಿಯ ತೀರ್ಮಾನ ಅಧಿಕಾರವನ್ನು ಕೊಟ್ಟಿತು. ಮೂರನ್ನೂ ಒಂದೇ ಸಾಲಿನಲ್ಲಿ ಕಲಸಿಬಿಡಬಾರದು.

‘ಜನಾಂಗೀಯ ದ್ವೇಷ’ ಎಂಬ ವಿವರಣೆಯನ್ನಂತೂ ಎರಡು ಪಟ್ಟು ಎಚ್ಚರದಿಂದ ಪರೀಕ್ಷಿಸಬೇಕು. 1994ರಲ್ಲಿ ರುವಾಂಡದಲ್ಲಿ ನಡೆದದ್ದನ್ನು ಹುಟು–ಟುಟ್ಸಿಗಳ ಹಳೆಯ ಹಗೆತನದ ಸ್ಫೋಟವೆಂದು ಆಗ ಹಲವು ಪತ್ರಿಕೆಗಳು ಬರೆದವು. ಆದರೆ ಆ ಎರಡು ಸಮುದಾಯಗಳ ಭಾಷೆ ಒಂದೇ. ಅವರ ನಡುವಿನ ಗೆರೆಯನ್ನು ಗುರುತಿನ ಚೀಟಿಯಲ್ಲಿ ಮುದ್ರಿಸಿ ಗಟ್ಟಿ ಮಾಡಿದ್ದು 1930ರ ದಶಕದ ಬೆಲ್ಜಿಯಂ ಆಡಳಿತ. 1994ರ ಏಪ್ರಿಲ್ 6ರಂದು ಅಧ್ಯಕ್ಷರ ವಿಮಾನವನ್ನು ಹೊಡೆದುರುಳಿಸಿದ ಮೇಲೆ ರಸ್ತೆ ತಡೆಗಳಲ್ಲಿ ಯಾರು ಸಾಯಬೇಕೆಂದು ತೀರ್ಮಾನಿಸಿದ್ದು ಅದೇ ಬಗೆಯ ಚೀಟಿ. ಹತ್ಯೆಯಾಗಬೇಕಾದವರ ಪಟ್ಟಿಗಳಿದ್ದವು, ಪ್ರಚೋದನೆಗೆ ರೇಡಿಯೊ ಕೇಂದ್ರವಿತ್ತು, ಕೊಲ್ಲಲು ಒಪ್ಪದ ಹುಟುಗಳೂ ಹತರಾದರು. ತಂತಾನೇ ಎದ್ದ ದ್ವೇಷಕ್ಕೆ ಇಷ್ಟೊಂದು ಸಿದ್ಧತೆ ಬೇಕಾಗುವುದಿಲ್ಲ.

ಮೂರನೆಯ ಪ್ರಶ್ನೆಗೆ ಎರಡು ಉದಾಹರಣೆ ಸಾಕು. 1964ರ ಆಗಸ್ಟ್ 4ರಂದು ಟೊಂಕಿನ್ ಕೊಲ್ಲಿಯಲ್ಲಿ ತನ್ನ ಹಡಗುಗಳ ಮೇಲೆ ಎರಡನೆಯ ದಾಳಿಯಾಯಿತು ಎಂದು ಅಮೆರಿಕ ಹೇಳಿತು, ಮೂರೇ ದಿನಗಳಲ್ಲಿ ಅಲ್ಲಿನ ಸಂಸತ್ತು ಅಧ್ಯಕ್ಷರಿಗೆ ವಿಯೆಟ್ನಾಂನಲ್ಲಿ ಬಲಪ್ರಯೋಗದ ಅಧಿಕಾರ ನೀಡಿತು. ಆ ಎರಡನೆಯ ದಾಳಿ ನಡೆದೇ ಇರಲಿಲ್ಲ ಎಂಬುದು ಈಗ ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. 2003ರಲ್ಲಿ ಇರಾಕಿನ ಸಮೂಹನಾಶಕ ಅಸ್ತ್ರಗಳ ದಾಸ್ತಾನು ಯುದ್ಧಕ್ಕೆ ಕಾರಣವೆಂದು ಸಾರಲಾಯಿತು. ಅಂಥ ದಾಸ್ತಾನು ಸಿಗಲಿಲ್ಲ. ಸಾರಿದ ಕಾರಣ ಸುಳ್ಳಾಗಿದ್ದರೂ ಅದು ಅಧ್ಯಯನಕ್ಕೆ ಬೇಕು, ಏಕೆಂದರೆ ಆ ಸರ್ಕಾರ ತನ್ನ ಜನರನ್ನು ಯಾವ ಮಾತಿನಿಂದ ಒಪ್ಪಿಸಬಹುದೆಂದು ಎಣಿಸಿತ್ತು ಎಂಬುದನ್ನು ಅದು ತಿಳಿಸುತ್ತದೆ. ಅದನ್ನು ‘ಸಾರಿದ ಕಾರಣ’ ಎಂಬ ಬೇರೆ ಕಾಲಂನಲ್ಲಿ ಬರೆದುಕೊಳ್ಳಿ.

ಹಂತ 5: ತೀರ್ಮಾನ ಕೈಗೊಂಡವರಿಗೆ ಆಗ ಏನು ಗೊತ್ತಿತ್ತು ಎಂದು ಕೇಳಿ

ಮುಂದೇನಾಯಿತು ಎಂಬುದು ನಮಗೆ ಗೊತ್ತಿದೆ, ಅವರಿಗೆ ಗೊತ್ತಿರಲಿಲ್ಲ. 1941ರ ಜುಲೈನಲ್ಲಿ ಜಪಾನ್ ದಕ್ಷಿಣ ಇಂಡೋಚೀನಾಕ್ಕೆ ಸೇನೆ ನುಗ್ಗಿಸಿದಾಗ ಅಮೆರಿಕ ಜಪಾನಿನ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡಿತು, ಅದರೊಂದಿಗೆ ತೈಲವೂ ನಿಂತಿತು. ಜಪಾನಿನ ತೈಲದ ಬಹುಪಾಲು ಅಮೆರಿಕದಿಂದಲೇ ಬರುತ್ತಿತ್ತು. ನೌಕಾಪಡೆಯ ದಾಸ್ತಾನು ತಿಂಗಳಿಂದ ತಿಂಗಳಿಗೆ ಕರಗುತ್ತಿರುವಾಗ, ಚೀನಾದಿಂದ ಹಿಂದೆ ಸರಿಯುವುದು ಅಥವಾ ತೈಲವಿರುವ ಡಚ್ ಈಸ್ಟ್ ಇಂಡೀಸನ್ನು (ಇಂದಿನ ಇಂಡೊನೇಷ್ಯಾ) ಕಸಿದುಕೊಳ್ಳುವುದು, ಇವೆರಡೇ ದಾರಿಗಳೆಂದು ಟೋಕಿಯೊದವರು ನಂಬಿದರು. ಅಮೆರಿಕದ ದೃಷ್ಟಿಯಲ್ಲಿ ಅದು ಯುದ್ಧವನ್ನು ತಡೆಯುವ ಕ್ರಮ, ಜಪಾನಿನ ದೃಷ್ಟಿಯಲ್ಲಿ ಯುದ್ಧಕ್ಕೆ ಹಾಕಿದ ಗಡುವು. ಒಂದೇ ಕ್ರಮ ಎರಡು ರಾಜಧಾನಿಗಳಲ್ಲಿ ಹೇಗೆ ಕಂಡಿತು ಎಂಬುದನ್ನು ಬರೆಯದೆ ಈ ಹಂತ ಮುಗಿಯುವುದಿಲ್ಲ. ಹೀಗೆ ಬರೆಯುವುದೆಂದರೆ ದಾಳಿ ಮಾಡಿದವರನ್ನು ಸಮರ್ಥಿಸಿದಂತಲ್ಲ. ಕಾರಣವನ್ನು ತಿಳಿಯುವುದು ಬೇರೆ, ಹೊಣೆಯನ್ನು ನಿಗದಿ ಮಾಡುವುದು ಬೇರೆ.

ಯುದ್ಧವಾಗಿ ಸಿಡಿಯದ ಬಿಕ್ಕಟ್ಟುಗಳನ್ನೂ ಇಲ್ಲಿ ಹೋಲಿಕೆಗೆ ತೆಗೆದುಕೊಳ್ಳಬೇಕು. 1962ರ ಅಕ್ಟೋಬರಿನಲ್ಲಿ ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಇರಿಸಿದ ಕ್ಷಿಪಣಿಗಳ ವಿಚಾರದಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ತಕ್ಷಣದ ವಾಯುದಾಳಿಯ ಸಲಹೆಯನ್ನು ಬಿಟ್ಟು ನೌಕಾ ತಡೆಯನ್ನು ಆರಿಸಿದ್ದರಿಂದ ಎರಡೂ ಕಡೆಗೆ ಯೋಚಿಸಲು ಕೆಲವು ದಿನ ಸಿಕ್ಕಿತು. ತುರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿಗಳನ್ನು ತೆಗೆಯುವ ಮಾತನ್ನು ಗುಟ್ಟಾಗಿ ಇಟ್ಟಿದ್ದರಿಂದ ಯಾರ ಮಾನವೂ ಬೀದಿಗೆ ಬರಲಿಲ್ಲ. 1914ರ ಜುಲೈನಲ್ಲಿ ಇಲ್ಲದೆ ಹೋದದ್ದು ಈ ಎರಡೇ: ಸಮಯ ಮತ್ತು ಮಾನ ಉಳಿಸಿಕೊಂಡು ಹಿಂದೆ ಸರಿಯುವ ದಾರಿ.

ಹಂತ 6: ಪರಿಣಾಮಗಳನ್ನು ಕಾಲ ಮತ್ತು ದೂರದ ಪ್ರಕಾರ ಹರಡಿ ನೋಡಿ

ಸತ್ತವರ ಸಂಖ್ಯೆ, ಗಡಿ ಬದಲಾವಣೆ, ಗೆದ್ದವರು, ಸೋತವರು ಎಂದು ಬರೆದು ಮುಗಿಸಿದರೆ ಪರಿಣಾಮದ ಒಂದಂಶವನ್ನಷ್ಟೇ ಬರೆದಂತಾಗುತ್ತದೆ. ಒಂದು ಹಾಳೆಯ ಮೇಲೆ ಉದ್ದಕ್ಕೆ ಕಾಲವನ್ನು, ಅಡ್ಡಕ್ಕೆ ದೂರವನ್ನು ಗುರುತಿಸಿಕೊಳ್ಳಿ. ರಣರಂಗದಿಂದ ದೂರ ಹೋದಂತೆ ಪರಿಣಾಮ ಕಡಿಮೆಯಾಗುತ್ತದೆ ಎಂಬ ನಮ್ಮ ಊಹೆ ಎಷ್ಟು ತಪ್ಪೆಂದು ಆಗ ಗೊತ್ತಾಗುತ್ತದೆ.

1942ರಲ್ಲಿ ಬರ್ಮಾ ಜಪಾನಿನ ವಶವಾದಾಗ ಬಂಗಾಳಕ್ಕೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿನ ಕೈಗೆ ಸಿಗಬಾರದೆಂದು ಬ್ರಿಟಿಷ್ ಆಡಳಿತ ಕರಾವಳಿ ಜಿಲ್ಲೆಗಳ ದೋಣಿಗಳನ್ನೂ ಹೆಚ್ಚುವರಿ ಅಕ್ಕಿಯನ್ನೂ ಹಿಂತೆಗೆದುಕೊಂಡಿತು. ಯುದ್ಧದ ಖರ್ಚಿನಿಂದ ಬೆಲೆಗಳು ಗಗನಕ್ಕೇರಿದವು. 1943ರ ಬರಗಾಲದಲ್ಲಿ ಸತ್ತವರ ಸಂಖ್ಯೆಯ ಅಂದಾಜು 20ರಿಂದ 30 ಲಕ್ಷ. ಅವರಲ್ಲಿ ಯಾರೂ ಯಾವ ಸೇನೆಯ ಸಾವಿನ ಲೆಕ್ಕದಲ್ಲೂ ಬರುವುದಿಲ್ಲ. 1973ರ ಅಕ್ಟೋಬರಿನ ಅರಬ್–ಇಸ್ರೇಲ್ ಯುದ್ಧ ಮೂರು ವಾರದೊಳಗೆ ನಿಂತಿತು, ಆದರೆ ಅರಬ್ ರಾಷ್ಟ್ರಗಳ ತೈಲ ನಿರ್ಬಂಧದಿಂದ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಗಿ, ಯುದ್ಧಕ್ಕೆ ಸಂಬಂಧವೇ ಇಲ್ಲದ ಬಡ ದೇಶಗಳನ್ನು ಸಾಲದ ಸುಳಿಗೆ ತಳ್ಳಿತು. 2022ರ ಫೆಬ್ರವರಿ 24ರ ನಂತರ ಉಕ್ರೇನಿನ ಬಂದರುಗಳು ಮುಚ್ಚಿದಾಗ, ಗೋಧಿಗಾಗಿ ಕಪ್ಪು ಸಮುದ್ರವನ್ನೇ ನಂಬಿದ್ದ ಈಜಿಪ್ಟ್, ಲೆಬನಾನ್‌ಗಳಲ್ಲಿ ರೊಟ್ಟಿಯ ಚಿಂತೆ ಹುಟ್ಟಿತು. ವಿಶ್ವಸಂಸ್ಥೆ ಮತ್ತು ತುರ್ಕಿಯ ಮಧ್ಯಸ್ಥಿಕೆಯಲ್ಲಿ ಆ ಜುಲೈನಲ್ಲಿ ಆದ ಧಾನ್ಯ ಒಪ್ಪಂದ ಒಂದು ವರ್ಷ ನಡೆದು 2023ರ ಜುಲೈನಲ್ಲಿ ಮುರಿದುಬಿತ್ತು.

ಕಾಲದ ದಿಕ್ಕಿನಲ್ಲಿ ಲಾವೋಸನ್ನು ನೋಡಿ. 1964ರಿಂದ 1973ರವರೆಗೆ ಅಮೆರಿಕ ಅಲ್ಲಿ ಸುರಿದ ಬಾಂಬುಗಳ ತೂಕ 20 ಲಕ್ಷ ಟನ್ನಿಗೂ ಹೆಚ್ಚು. ಗೊಂಚಲು ಬಾಂಬುಗಳಿಂದ ಚದುರಿದ ಸುಮಾರು 27 ಕೋಟಿ ಸಣ್ಣ ಬಾಂಬುಗಳಲ್ಲಿ ಶೇ 30ರಷ್ಟು ಸಿಡಿಯದೆ ಮಣ್ಣಿನಲ್ಲಿ ಉಳಿದವು ಎಂಬುದು ಅಂದಾಜು. ಚೆಂಡಿನ ಗಾತ್ರದ ಅವು ಗದ್ದೆ ಅಗೆಯುವವರ ಗುದ್ದಲಿಗೆ, ಆಡುವ ಮಕ್ಕಳ ಕೈಗೆ ಇಂದಿಗೂ ಸಿಗುತ್ತವೆ. ಹೊಸ ಹೊಲ ಉಳಬೇಕೆಂದರೆ ಮೊದಲು ನೆಲವನ್ನು ತಪಾಸಣೆ ಮಾಡಿಸಬೇಕಾದ ದೇಶಕ್ಕೆ ಯುದ್ಧ ಮುಗಿದ ವರ್ಷ ಯಾವುದೆಂದು ಬರೆಯುವುದು?

ಸಂಸ್ಥೆ ಮತ್ತು ಕಾನೂನುಗಳನ್ನು ಬೇಗ ದಾಖಲಿಸಿಕೊಂಡು ಮುಂದೆ ಹೋಗಬಹುದು, ಅವು ಎಲ್ಲ ಪಠ್ಯಗಳಲ್ಲೂ ಸಿಗುತ್ತವೆ: ಜಗತ್ತಿನ ಹಣಕಾಸು ವ್ಯವಸ್ಥೆಯನ್ನು ರೂಪಿಸಿದ 1944ರ ಬ್ರೆಟನ್ ವುಡ್ಸ್ ಸಮ್ಮೇಳನ, 1945ರ ವಿಶ್ವಸಂಸ್ಥೆ ಮತ್ತು ಐದು ದೇಶಗಳ ವೀಟೊ, ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆ, 1948ರ ನರಮೇಧ ತಡೆ ಒಡಂಬಡಿಕೆ, 1949ರ ಜಿನೀವಾ ಒಡಂಬಡಿಕೆಗಳು, 1951ರ ನಿರಾಶ್ರಿತರ ಒಡಂಬಡಿಕೆ. ಗಮನಿಸಬೇಕಾದದ್ದು ಇಷ್ಟೆ: ಇವೆಲ್ಲ ಹಿಂದಿನ ಯುದ್ಧದ ಅನುಭವಕ್ಕೆ ಉತ್ತರವಾಗಿ ರೂಪುಗೊಂಡವು. ಸರ್ಕಾರಗಳು ಒಂದರ ಮೇಲೊಂದು ನಡೆಸುವ ಯುದ್ಧವನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಭದ್ರತಾ ಮಂಡಳಿ, ರುವಾಂಡದಂಥ ಒಳನಾಡಿನ ಹತ್ಯಾಕಾಂಡದ ಮುಂದೆ ತನ್ನ ಪಡೆಯನ್ನು 270ಕ್ಕೆ ಇಳಿಸಲು 1994ರ ಏಪ್ರಿಲ್ 21ರಂದು ನಿರ್ಣಯಿಸಿತು.

ಹಂತ 7: ಪರಿಣಾಮ ಎಲ್ಲಿ ಮತ್ತೊಂದು ಯುದ್ಧದ ಕಾರಣವಾಯಿತು ಎಂದು ಗುರುತಿಸಿ

ಇಡೀ ಅಧ್ಯಯನದ ತಿರುಳು ಇದೇ. ಇರಾಕಿನ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಹಿಡಿದು ನೋಡೋಣ. 1975ರ ಅಲ್ಜೀರ್ಸ್ ಒಪ್ಪಂದದಲ್ಲಿ ಶತ್ ಅಲ್ ಅರಬ್ ನದಿಯ ಗಡಿಯ ವಿಚಾರದಲ್ಲಿ ಇರಾಕ್ ಇರಾನಿಗೆ ಬಿಟ್ಟುಕೊಟ್ಟಿತು. ಇರಾನಿನ ಕ್ರಾಂತಿಯ ಮರುವರ್ಷ, 1980ರ ಸೆಪ್ಟೆಂಬರಿನಲ್ಲಿ ಸದ್ದಾಂ ಹುಸೇನ್ ಆ ಒಪ್ಪಂದವನ್ನು ರದ್ದೆಂದು ಸಾರಿ ಅದೇ ತಿಂಗಳ 22ರಂದು ದಾಳಿ ಮಾಡಿದ. ಎಂಟು ವರ್ಷ ನಡೆದ ಯುದ್ಧ 1988ರ ಆಗಸ್ಟ್‌ನಲ್ಲಿ ಗಡಿ ಇದ್ದಲ್ಲೇ ಇರುವಂತೆ ನಿಂತಿತು. ಇರಾಕಿಗೆ ಉಳಿದದ್ದು ದೊಡ್ಡ ಸೇನೆ ಮತ್ತು ಕುವೈತ್, ಸೌದಿ ಅರೇಬಿಯಾ ಮುಂತಾದವರಿಂದ ತಂದ ದೊಡ್ಡ ಸಾಲ. ಕುವೈತ್ ಹೆಚ್ಚು ತೈಲ ತೆಗೆದು ಬೆಲೆ ಇಳಿಸುತ್ತಿದೆ, ರುಮೈಲಾ ನಿಕ್ಷೇಪದಿಂದ ತನ್ನ ತೈಲವನ್ನು ಕದಿಯುತ್ತಿದೆ ಎಂದು ಆರೋಪಿಸಿದ ಇರಾಕ್ 1990ರ ಆಗಸ್ಟ್ 2ರಂದು ಕುವೈತನ್ನು ನುಂಗಿತು.

1991ರ ಯುದ್ಧ ಕುವೈತನ್ನು ಬಿಡಿಸಿತು, ಆದರೆ ಇರಾಕಿನ ವಿಚಾರವನ್ನು ಇತ್ಯರ್ಥ ಮಾಡಲಿಲ್ಲ. ಹನ್ನೆರಡು ವರ್ಷಗಳ ನಿರ್ಬಂಧಗಳು ಆಡಳಿತಗಾರರಿಗಿಂತ ಹೆಚ್ಚಾಗಿ ಜನರನ್ನು ಸೊರಗಿಸಿದವು. ಸೌದಿ ನೆಲದಲ್ಲಿ ಉಳಿದ ಅಮೆರಿಕದ ಸೈನಿಕರು ಒಸಾಮ ಬಿನ್ ಲಾಡೆನ್ ಎತ್ತಿಕೊಂಡ ಮುಖ್ಯ ದೂರಾಗಿ, ಈ ಸರಪಳಿಯಿಂದ 2001ರ ಸೆಪ್ಟೆಂಬರ್ 11ರ ಕಡೆಗೆ ಒಂದು ಕವಲು ಒಡೆಯಿತು. 2003ರಲ್ಲಿ ಅಮೆರಿಕ ಮತ್ತು ಮಿತ್ರರು ಇರಾಕನ್ನು ಆಕ್ರಮಿಸಿದರು. ಆಮೇಲೆ ಆ ಆಕ್ರಮಿತ ಆಡಳಿತದಿಂದ ಬಂದದ್ದು ಎರಡು ಆದೇಶಗಳು. ಮೇ 16ರ ಮೊದಲ ಆದೇಶ ಸದ್ದಾಂನ ಬಾಥ್ ಪಕ್ಷದ ಮೇಲ್‌ಸ್ತರದವರನ್ನು ಸರ್ಕಾರಿ ಕೆಲಸದಿಂದ ಹೊರಹಾಕಿತು. ಮೇ 23ರ ಎರಡನೆಯ ಆದೇಶ ಇರಾಕಿನ ಸೇನೆಯನ್ನೇ ವಿಸರ್ಜಿಸಿತು. ಶಸ್ತ್ರ ಬಳಸಲು ಬಲ್ಲ, ಸಂಬಳ ಮತ್ತು ಮಾನ ಎರಡನ್ನೂ ಕಳೆದುಕೊಂಡ ಲಕ್ಷಾಂತರ ಜನ ಬೀದಿಗೆ ಬಿದ್ದರು. 2014ರ ಜೂನ್‌ನಲ್ಲಿ ಮೋಸುಲ್ ನಗರವನ್ನು ಹಿಡಿದ ಇಸ್ಲಾಮಿಕ್ ಸ್ಟೇಟ್ ಸಂಘಟನೆಯ ಮೇಲ್‌ಸ್ತರದಲ್ಲಿ ಸದ್ದಾಂನ ಸೇನೆಯ ಹಳೆಯ ಅಧಿಕಾರಿಗಳಿದ್ದರು.

ಈ ಸರಪಳಿಯಲ್ಲಿ ಯಾವ ಕೊಂಡಿಯೂ ಹಿಂದಿನದರಿಂದ ತಪ್ಪಿಸಲಾಗದಂತೆ ಹುಟ್ಟಿದ್ದಲ್ಲ. ಸಾಲವಿದ್ದ ದೇಶಗಳೆಲ್ಲ ನೆರೆಯವರನ್ನು ನುಂಗುವುದಿಲ್ಲ. ಸೇನೆಯನ್ನು ವಿಸರ್ಜಿಸದೆ ಮರುಸಂಘಟಿಸುವ ಯೋಜನೆಯೂ 2003ರಲ್ಲಿ ಇತ್ತು. ಆದ್ದರಿಂದ ಸರಪಳಿ ಬರೆಯುವಾಗ ಪ್ರತಿ ಕೊಂಡಿಯ ಪಕ್ಕದಲ್ಲಿ ಅಲ್ಲಿ ತೀರ್ಮಾನ ಕೈಗೊಂಡವರ ಹೆಸರನ್ನೂ ಬರೆಯಿರಿ. ಹೆಸರಿಲ್ಲದ ಸರಪಳಿ ವಿಧಿಯ ಕಥೆಯಾಗಿಬಿಡುತ್ತದೆ.

ಹಂತ 8: ಅಂಕಿಗಳನ್ನು ಯಾರು, ಹೇಗೆ ಎಣಿಸಿದರು ಎಂದು ನೋಡಿ

ಯುದ್ಧದ ಅಂಕಿಗಳಲ್ಲಿ ಎಣಿಸಿದವು, ಅಂದಾಜು ಮಾಡಿದವು, ಪ್ರಚಾರಕ್ಕೆ ಹೇಳಿದವು ಎಂದು ಮೂರು ಬಗೆ. ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ 1995ರ ಜುಲೈನಲ್ಲಿ ಕೊಲೆಯಾದ 8000ಕ್ಕೂ ಹೆಚ್ಚು ಗಂಡಸರು ಮತ್ತು ಹುಡುಗರ ಪೈಕಿ ಬಹುಪಾಲು ಮಂದಿಯ ಗುರುತನ್ನು ಸಾಮೂಹಿಕ ಗೋರಿಗಳ ಎಲುಬುಗಳ ಡಿಎನ್‌ಎ ಪರೀಕ್ಷೆಯಿಂದ ಖಚಿತಪಡಿಸಲಾಗಿದೆ. ಅಷ್ಟು ಗಟ್ಟಿಯಾದ ಲೆಕ್ಕ ಅಪರೂಪ. ರುವಾಂಡಕ್ಕೆ ಸಾಮಾನ್ಯವಾಗಿ ಬಳಸುವ 8 ಲಕ್ಷ ಒಂದು ಅಂದಾಜು, ಅಲ್ಲಿನ ಸರ್ಕಾರದ ಸಂಖ್ಯೆ 10 ಲಕ್ಷಕ್ಕೂ ಮೇಲೆ, ಕೆಲವು ಸಂಶೋಧಕರದು ಅದಕ್ಕಿಂತ ಬಹಳ ಕಡಿಮೆ. ಎರಡನೆಯ ಮಹಾಯುದ್ಧದ ಸಾವುಗಳ ಅಂದಾಜು 6ರಿಂದ 8 ಕೋಟಿಯವರೆಗೆ ಹಬ್ಬುವುದು ಚೀನಾ ಮತ್ತು ಸೋವಿಯತ್ ನೆಲದಲ್ಲಿ ಹಸಿವು, ರೋಗಗಳಿಂದ ಸತ್ತವರನ್ನು ಹೇಗೆ ಸೇರಿಸುತ್ತೇವೆ ಎಂಬುದರ ಮೇಲೆ. ಇಂಥಲ್ಲಿ ಒಂದೇ ಸಂಖ್ಯೆ ಬರೆಯುವುದಕ್ಕಿಂತ ವ್ಯಾಪ್ತಿಯನ್ನು ಕೊಟ್ಟು, ಅದರಲ್ಲಿ ಏನು ಸೇರಿದೆ ಎಂದು ಹೇಳುವುದೇ ಪ್ರಾಮಾಣಿಕ ಕ್ರಮ. ನೆಲೆ ಕಳೆದುಕೊಂಡವರ ಲೆಕ್ಕಕ್ಕೂ ಇದೇ ನಿಯಮ. 2024ರ ಕೊನೆಗೆ ಜಗತ್ತಿನಲ್ಲಿ 12.32 ಕೋಟಿ ಜನ ಬಲವಂತವಾಗಿ ನೆಲೆ ತಪ್ಪಿದ್ದರು ಎಂಬ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಅಂಕಿಯಲ್ಲಿ ಗಡಿ ದಾಟಿದವರಿಗಿಂತ ತಮ್ಮ ದೇಶದೊಳಗೇ ಅಲೆಯುವವರ ಸಂಖ್ಯೆ ದೊಡ್ಡದು.

ಹಂತ 9: ನಡೆಯುತ್ತಿರುವ ಯುದ್ಧವಾದರೆ ತೀರ್ಮಾನಕ್ಕೆ ದಿನಾಂಕ ಹಾಕಿ

ಉಕ್ರೇನ್, ಗಾಜಾ, 2023ರ ಏಪ್ರಿಲ್ 15ರಂದು ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಹೊತ್ತಿಕೊಂಡ ಸುಡಾನ್, ಇವುಗಳಿಗೂ ಮೇಲಿನ ಹಂತಗಳೇ ಅನ್ವಯಿಸುತ್ತವೆ. ಉಕ್ರೇನಿನ ವಿಚಾರದಲ್ಲಿ ಅಣ್ವಸ್ತ್ರ ಬಿಟ್ಟುಕೊಟ್ಟ ಉಕ್ರೇನಿಗೆ ಗಡಿಯ ಭರವಸೆ ನೀಡಿದ 1994ರ ಬುಡಾಪೆಸ್ಟ್ ಪತ್ರ, ರಷ್ಯಾ 2014ರಲ್ಲಿ ಕ್ರೈಮಿಯಾವನ್ನು ವಶಪಡಿಸಿಕೊಂಡದ್ದು, ಪೂರ್ವ ಉಕ್ರೇನಿನ ಕಾಳಗ ನಿಲ್ಲಿಸಲು ಮಾಡಿಕೊಂಡ 2014–15ರ ಮಿನ್ಸ್ಕ್ ಒಪ್ಪಂದಗಳು ಎರಡನೆಯ ಹಂತಕ್ಕೆ ಬೇಕಾದ ಸಾಮಗ್ರಿ. ಆದರೆ ಐದನೆಯ ಹಂತ, ಅಂದರೆ ಮುಚ್ಚಿದ ಬಾಗಿಲ ಹಿಂದೆ ಯಾರು ಏನೆಂದರು ಎಂಬುದು, ಇವುಗಳಲ್ಲಿ ಇನ್ನೂ ಬಹುಪಾಲು ಖಾಲಿ. ಆ ಜಾಗವನ್ನು ಊಹೆಯಿಂದ ತುಂಬಬೇಡಿ. ಖಾಲಿ ಎಂದೇ ಬರೆದು, ಬರೆದ ತಿಂಗಳು, ವರ್ಷವನ್ನು ಕೆಳಗೆ ಹಾಕಿ.

ಹೀಗೆ ಖಾಲಿ ಬಿಟ್ಟ ಜಾಗ ತುಂಬಲು ಎಷ್ಟು ಕಾಲ ಬೇಕಾದೀತು ಎಂಬುದಕ್ಕೆ ಕೊರಿಯಾವನ್ನೇ ನೋಡಬಹುದು. 1950ರ ದಾಳಿ ಮಾಸ್ಕೊದ ಆಜ್ಞೆಯೇ, ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್ಯಾಂಗಿನ ಸ್ವಂತ ಸಾಹಸವೇ ಎಂಬ ವಾದ ನಾಲ್ಕು ದಶಕ ನಡೆಯಿತು. 1990ರ ದಶಕದಲ್ಲಿ ಸೋವಿಯತ್ ದಾಖಲೆಗಳು ತೆರೆದ ಮೇಲೆ ತಿಳಿದದ್ದು ಎರಡಕ್ಕೂ ಪೂರ್ತಿ ಹೊಂದಲಿಲ್ಲ: ಮತ್ತೆ ಮತ್ತೆ ಒಪ್ಪಿಗೆ ಬೇಡಿದವನು ಉತ್ತರ ಕೊರಿಯಾದ ನಾಯಕ ಕಿಮ್ ಇಲ್ ಸುಂಗ್, ಮೊದಲು ತಡೆದು 1950ರ ಆರಂಭದಲ್ಲಿ ಒಪ್ಪಿದವನು ಸ್ಟಾಲಿನ್, ಆ ಒಪ್ಪಿಗೆಗೆ ಮಾವೊನ ಸಮ್ಮತಿಯೂ ಇರಬೇಕೆಂಬ ಷರತ್ತು ಹಾಕಿದವನೂ ಆತನೇ.